ಸದ್ದಿಲ್ಲದ ಫ್ಯಾನು

೪ ಏಪ್ರಿಲ್ ೧೯೮೮, ಸೋಮವಾರ

ಬೆಳಿಗ್ಗೆ ಎರಡು ಟ್ರಾನ್ಸಿಸ್ಟರು, ಒಂದು ಟೇಪ್‌ರೆಕಾರ್ಡರು. ಟೇಪಿನದು ಬೆಲ್ಟ್ ಸಡಿಲ, ಅಷ್ಟೆ. ಹತ್ತರಿಂದ ಹನ್ನೊಂದೂವರೆ ಕರೆಂಟಿಲ್ಲ. ಸೆಖೆ.

ಮಧ್ಯಾಹ್ನ ಡಾಕ್ಟರ್ ವೇದಾವತಿ ಅಂಗಡಿಗೇ ಬಂದರು. ಕಿವಿ-ಮೂಗು-ಗಂಟಲಿನ ಡಾಕ್ಟರು. ಸಾಗರಕ್ಕೆ ಬಂದು ವರ್ಷವಾಗಿಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ಒಂದೂವರೆ ಕೋಣೆಯ ಕ್ಲಿನಿಕ್ಕು. ಅಲ್ಲಿಗೆ ಕಂಪ್ಯೂಟರ್ ತಂದಿದ್ದಾರೆ! ಬೆಂಗಳೂರಿನಲ್ಲಿ ಯಾರೋ ಬಳಸಿ ಬಿಟ್ಟದ್ದು.

"ಉಮಾಪತಿಯವ್ರೇ, ಇದ್ರಲ್ಲಿ ನಾನು ಕಿವಿ ಟೆಸ್ಟ್ ಮಾಡ್ಬೇಕು."

ಮೈಸೂರಿನಲ್ಲಿರುವ ಅವರಣ್ಣ ಪ್ರೋಗ್ರಾಮ್ ಬರೆದು ಕಳಿಸಿದ್ದಾರಂತೆ. ಹೆಡ್‌ಫೋನಿನಲ್ಲಿ ದಪ್ಪ ದನಿಯಿಂದ ಸಣ್ಣ ದನಿಯವರೆಗೆ ಒಂದೊಂದಾಗಿ ಬಿಡುತ್ತದೆ, ಯಾವುದು ಕೇಳಿತು, ಯಾವುದು ಇಲ್ಲ ಅಂತ ಬರೆದುಕೊಳ್ಳುವುದು. ಆದರೆ ತೀರ ಸಣ್ಣ ದನಿ ಸರಿಯಾಗಿ ಬರುತ್ತಿಲ್ಲ. ಮಿಷನ್ನಿಗೆ ಅಷ್ಟು ಸ್ಪೀಡಿಲ್ಲ. ಪ್ರೊಸೆಸರಿಗೆ ತಾಳ ಕೊಡುವ ಒಂದು ಕ್ರಿಸ್ಟಲ್ ಇರುತ್ತದೆ, ಅದನ್ನು ಕಿತ್ತು ಇನ್ನೂ ಚುರುಕಾದದ್ದು ಹಾಕಿಸು, ಯಾರಾದರೂ ರೇಡಿಯೋದವರು ಹಾಕಿಕೊಡುತ್ತಾರೆ ಅಂತ ಅಣ್ಣನ ಕಾಗದ. ಕ್ರಿಸ್ಟಲ್ಲೂ ಕವರಿನಲ್ಲೇ ಇತ್ತು.

ಕಂಪ್ಯೂಟರ್ ಮುಟ್ಟಿದವನಲ್ಲ ನಾನು. ಆದರೆ ಬೆಸುಗೆ ಬೆಸುಗೆಯೇ ತಾನೆ. ಒಪ್ಪಿಕೊಂಡೆ.

ಇಷ್ಟೆಲ್ಲ ಹೊಸನಗರದ ಒಂದು ಹುಡುಗಿಗಾಗಿ. ಶರಾವತಿ ಅಂತ, ಆರು ವರ್ಷ. ಬುದ್ಧಿ ಸಾಲದು, ಜೂನಿಗೆ ಕರೆತರಬೇಡಿ ಅಂದಿದ್ದಾರಂತೆ ಸ್ಕೂಲಿನಲ್ಲಿ. "ನಂಗೆ ಹಂಗನ್ಸಲ್ಲ. ಆ ಮಗೂಗೆ ಅರ್ಧ ಮಾತು ಕೇಳ್ತಿಲ್ಲ. ತೋರ್ಸಿಕೊಡ್ಬೇಕು, ಅಷ್ಟೇ" ಅಂದರು. ಟೆಸ್ಟಿಗೆ ದೊಡ್ಡ ಊರಿಗೆ ಹೋಗಿ ಬರುವ ತ್ರಾಣ ತಾಯಿ ತುಂಗಮ್ಮನಿಗಿಲ್ಲ.

ಮನೆಯಲ್ಲಿ ತಟ್ಟೆ ಮುಚ್ಚಿಟ್ಟಿತ್ತು. ಸರೋಜ ಮಾತಾಡಿಲ್ಲ — ಯುಗಾದಿಯಿಂದ. ಅವತ್ತು ಅವಳ ಅಣ್ಣ ಬಂದು ಜಗಲಿಯಲ್ಲಿ ಕೂತಿದ್ದನಂತೆ. ಹಿತ್ತಿಲ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ ನನ್ನನ್ನು ಮೂರು ಸಲ ಕರೆದಳಂತೆ. ಕರೆದಿದ್ದರೆ ಹೋಗುತ್ತಿರಲಿಲ್ಲವೇ? ಅವನು ಮುಖ ಊದಿಸಿಕೊಂಡು ಎದ್ದು ಹೋದ. ಇವಳೂ ಬಾಯಿ ಮುಚ್ಚಿದಳು.

೯ ಏಪ್ರಿಲ್, ಶನಿವಾರ

ಕ್ರಿಸ್ಟಲ್ ಹಾಕಿದೆ. ಎಂಟರಲ್ಲಿ ಓಡುತ್ತಿದ್ದದ್ದು ಈಗ ಹತ್ತು ಮೆಗಾಹರ್ಟ್ಸ್. ಡಾಕ್ಟರು ಕೇಳಿ ನೋಡಿದರು — ಸಣ್ಣ ದನಿ ಚೊಕ್ಕ ಬರುತ್ತಿದೆ. ಇಬ್ಬರೂ ಕಾಫಿ ಕುಡಿದೆವು. ಕುಡಿದು ಮುಗಿಯುವುದರೊಳಗೆ ಪರದೆ ಸ್ತಬ್ಧ. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಇಪ್ಪತ್ತು ನಿಮಿಷ. ಮತ್ತೆ ಸ್ತಬ್ಧ.

ಡಬ್ಬಿ ಬಿಚ್ಚಿ ಬೆರಳಿಟ್ಟೆ. ಸುಟ್ಟಿತು! ಪ್ರೊಸೆಸರ್ ಅಂದರೆ ನಲವತ್ತು ಕಾಲಿನ ಕಪ್ಪು ಜರಿಹುಳದಂಥದ್ದು. ಅದರ ಯೋಗ್ಯತೆ ಎಂಟು, ನಾವು ಹತ್ತಕ್ಕೆ ಓಡಿಸುತ್ತಿದ್ದೇವೆ. ಮೇಲಿಂದ ಏಪ್ರಿಲ್ ಬಿಸಿಲು.

ಗಾಳಿ ಬೇಕು. ಆದರೆ ಸದ್ದಿಲ್ಲದ ಗಾಳಿ. ಫ್ಯಾನು ಬರ್ ಅನ್ನುತ್ತಿದ್ದರೆ ಮೆಲುದನಿ ಯಾರಿಗೆ ಕೇಳಬೇಕು? ಮಿಷನ್ನು ಆಚೆ ಕೋಣೆಯಲ್ಲಿಡಿ ಅಂದೆ. ಕೀ ಒತ್ತುವಾಗ ಮಗುವಿನ ಮುಖ ನೋಡುತ್ತಿರಬೇಕಂತೆ. ಕೀಬೋರ್ಡಿನ ವೈರು ಮೊಳದುದ್ದ.

೧೬ ಏಪ್ರಿಲ್

ಒಂದು ವಾರ ಬರೀ ಫ್ಯಾನು.

ಮೊದಲು ಟೇಬಲ್ ಫ್ಯಾನ್, ಬದಿಯ ಮುಚ್ಚಳ ತೆಗೆದು. ತಣ್ಣಗಾಯಿತು. ಆದರೆ ಹೂಂಕಾರ, ಜೊತೆಗೆ ಡಾಕ್ಟರ ಕಾಗದಪತ್ರವೆಲ್ಲ ಹಾರಿ ಬೆಂಚಿನಡಿ.

ಆಮೇಲೆ ಜೆರಾಕ್ಸ್ ಅಂಗಡಿಯವರ ಗುಜರಿಯಿಂದ ಒಂದು ಕಬ್ಬಿಣದ ಚೌಕ ಫ್ಯಾನ್. ಗಾಳಿ ಚೆನ್ನ. ಅಕ್ಕಿಗಿರಣಿಯೊಳಗೆ ಕೂತ ಹಾಗೆ.

ಮೂರನೆಯದು ಹೇರ್ ಡ್ರೈಯರಿನದು. ಅದರ ವಿಷಯ ಬರೆಯುವುದೇ ಬೇಡ.

ಸಾಗರಕ್ಕೆ ಬರುವ ಮೊದಲಿನ ಕಾರ್ಗಲ್ಲಿನ ದಿನಗಳು ನೆನಪಾದವು. ಎಪ್ಪತ್ತೆರಡು, ಎಪ್ಪತ್ಮೂರು. ಡ್ಯಾಮಿನವರ ಕಾಲೋನಿಯ ಮನೆಗಳೆಲ್ಲ ಒಂದೇ ಥರ, ನಾನು ಗುರುತು ಹಿಡಿಯುತ್ತಿದ್ದದ್ದು ರೇಡಿಯೋದ ದನಿಯಿಂದ. ಗೇಟಿನ ಹೊರಗೇ ನಿಂತು "ನಿಮ್ಮ ಕಂಡೆನ್ಸರ್ ಹೋಗ್ತಾ ಇದೆ" ಅನ್ನುತ್ತಿದ್ದೆ. ಬಾಗಿಲು ತೆಗೆದವರು ಬೆರಗಾಗುತ್ತಿದ್ದರು. ಸರೋಜ ಆಗ ಮದುವೆಯಾಗಿ ಹೊಸದಾಗಿ ಬಂದವಳು. ಅಡಿಗೆಮನೆಯಲ್ಲಿ ಅರ್ಧ ಸಾಲು ಗುನುಗಿದರೆ ನಾನು ಬೆಸುಗೆ ಹಾಕುತ್ತಲೇ ಉಳಿದರ್ಧ ಮುಗಿಸುತ್ತಿದ್ದೆ. ಈಗ ಅವಳು ಗುನುಗುವುದೂ ಇಲ್ಲ.

೨೪ ಏಪ್ರಿಲ್, ಭಾನುವಾರ

ಸಿಕ್ಕಿತು! ನಿನ್ನೆ ಶಿವಮೊಗ್ಗದಲ್ಲಿ. ಪ್ಲಾಸ್ಟಿಕ್ಕಿನದು, ಮೂರಿಂಚು, ಹನ್ನೆರಡು ವೋಲ್ಟ್. ಇವತ್ತು ಕ್ಲಿನಿಕ್ಕಿನ ಬೀಗದ ಕೈ ಇಸಿದುಕೊಂಡು ಕೂರಿಸಿದೆ. ಒಂದೂವರೆ ಗಂಟೆ ಓಡಿತು, ನಿಲ್ಲಲಿಲ್ಲ. ಜರಿಯ ಬೆನ್ನು ಬೆಚ್ಚಗೆ, ಅಷ್ಟೆ. ಸದ್ದು? ಕಿವಿಯನ್ನು ಡಬ್ಬಿಗೆ ಒತ್ತಿ ಹಿಡಿದು ಕೇಳಿದೆ. ಇಲ್ಲವೇ ಇಲ್ಲ. ಕಣ್ಣಿಗೆ ಕಂಡರಷ್ಟೇ ತಿರುಗುತ್ತಿದೆ ಅನ್ನಬೇಕು.

ವಾಪಸು ನಡೆದು ಬಂದೆ. ದಾರಿಯಲ್ಲಿ ಮರಗಳೆಲ್ಲ ಮೌನ. ಈ ಕಾಲದಲ್ಲಿ ಮೊದಲು ಜೀರುಂಡೆ ಕಿವಿ ಕಚ್ಚುತ್ತಿದ್ದವು. ಮೂರ್ನಾಲ್ಕು ವರ್ಷದಿಂದ ಇಲ್ಲ. ಕಾಡು ಕಡಿದು ಕಡಿದು... ಎಲ್ಲ ಹೋಯಿತು.

೨೬ ಏಪ್ರಿಲ್

ಡಾಕ್ಟರು ಸ್ವಿಚ್ ಹಾಕಿದ ಕೂಡಲೇ, "ಇದೇನಿದು ಶಿಳ್ಳೆ?"

"ಯಾವ ಶಿಳ್ಳೆ?"

"ಫ್ಯಾನಿಂದು. ಕೇಳ್ತಿಲ್ವಾ?"

ತುಂಗಮ್ಮ ಮಗಳನ್ನು ಕರೆದುಕೊಂಡು ಬಂದಿದ್ದಳು, ಬೆಂಚಿನ ಮೇಲಿದ್ದಳು. ಅವಳೂ ಅಂದಳು, "ಹೌದಣ, ಸೊಳ್ಳೆ ಕಿವಿ ಹತ್ರ ಬಂದಂಗೆ."

ಎದ್ದು ಬಂದೆ. ಇಪ್ಪತ್ತು ವರ್ಷ ಇದೇ ಕಸುಬು ಮಾಡಿದವನಿಗೆ ಹೇಳಿಕೊಡುತ್ತಾರೆ. ಇಲ್ಲದ ಸದ್ದನ್ನು ಎಲ್ಲಿಂದ ತೆಗೆಯಲಿ? ಹುಡುಗಿ ಮಾತ್ರ ಫ್ಯಾನನ್ನೇ ನೋಡಿ ನಗುತ್ತಿತ್ತು. ಅದಕ್ಕೂ ಕೇಳಿರಲಿಕ್ಕಿಲ್ಲ.

೧೦ ಮೇ

ಹದಿನಾಲ್ಕು ದಿನ ಆ ಕಡೆ ಹೋಗಿರಲಿಲ್ಲ. ಡಾಕ್ಟರೇ ಹೇಳಿಕಳಿಸಿದರು. ಸ್ಕೂಲು ಶುರುವಾಗಲು ಮೂರು ವಾರ.

ಹೋದೆ. ಅವರು ಊಟಕ್ಕೆ ಹೋದಾಗ ಹೆಡ್‌ಫೋನ್ ನಾನೇ ಹಾಕಿಕೊಂಡು ದನಿಗಳನ್ನು ಬಿಟ್ಟು ನೋಡಿದೆ. ಐನೂರು ಹರ್ಟ್ಸ್, ಸಾವಿರ, ಎರಡು ಸಾವಿರ — ಸರಿ. ಅಂಕಿ ಏರಿದಷ್ಟೂ ದನಿ ಸಣ್ಣ. ನಾಲ್ಕು ಸಾವಿರ ಎಲ್ಲೋ ದೂರ. ಆರು ಸಾವಿರ ಇಲ್ಲ. ಎಂಟು ಇಲ್ಲವೇ ಇಲ್ಲ. ಮಿಷನ್ನೇ ಕೆಟ್ಟಿದೆ. ಬಿಸಿಗೆ ಏನೋ ಸುಟ್ಟಿರಬೇಕು.

೧೧ ಮೇ

ಬೆಸುಗೆಯೆಲ್ಲ ಮತ್ತೆ ಹಾಕಿದೆ. ಹೆಡ್‌ಫೋನಿನ ವೈರು ಬದಲಿಸಿದೆ. ಮೀಟರ್ ಹಿಡಿದರೆ ಮುಳ್ಳು ಏಳುತ್ತದೆ — ಎಂಟು ಸಾವಿರದಲ್ಲೂ ಏಳುತ್ತದೆ. ಕರೆಂಟ್ ಬರುತ್ತಿದೆ, ದನಿ ಬರುತ್ತಿಲ್ಲ. ಇದೆಂಥ ವಿಚಿತ್ರ.

೧೨ ಮೇ

ಡಾಕ್ಟರು ಹೆಡ್‌ಫೋನ್ ಹಾಕಿಕೊಂಡರು. "ಚೆನ್ನಾಗಿ ಬರ್ತಿದೆಯಲ್ರೀ."

ಆರು ಸಾವಿರ ನನಗೆ ಬರುತ್ತಿಲ್ಲ ಅಂದೆ. ಅವರು ಹೆಡ್‌ಫೋನ್ ತೆಗೆದರು. ಆಮೇಲೆ "ಕೂತ್ಕೊಳ್ಳಿ" ಅಂದರು. ಕೂತೆ. ಎರಡೂ ಕಿವಿ ನೋಡಿದರು. ಕಾಗದದ ಮೇಲೆ ಚುಕ್ಕೆ ಹಾಕುತ್ತ ಹೋದರು. ಗೆರೆ ನೆಟ್ಟಗೆ ಹೋಗಿ ಒಂದು ಕಡೆ ಗುಡ್ಡದಿಂದ ಬಿದ್ದ ಹಾಗೆ ಕೆಳಗೆ.

ಮದುವೆಗೆ, ನಾಟಕಕ್ಕೆ ಲೌಡ್‌ಸ್ಪೀಕರ್ ಬಾಡಿಗೆ ಕೊಟ್ಟಿದ್ದೀರಾ ಅಂತ ಕೇಳಿದರು. ಕೊಟ್ಟಿದ್ದೇನೆ. ಕಾರ್ಗಲ್ ಬಿಟ್ಟು ಸಾಗರಕ್ಕೆ ಬಂದ ಮೇಲೆ ಎಂಟು ವರ್ಷ. ಹಾರನ್ನಿನ ಬಾಯಲ್ಲೇ ತಲೆ ಇಟ್ಟು.

"ವಾಪಸ್ ಬರಲ್ಲ ಅಲ್ವಾ?"

"ಬರಲ್ಲ, ಉಮಾಪತಿಯವ್ರೇ."

೧೩ ಮೇ

ಅಂಗಡಿ ತೆರೆಯಲಿಲ್ಲ. ಮಾಸ್ತಪ್ಪನ ಹೋಟೆಲಿನಲ್ಲಿ ಕೂತು ಕೇಳಿದೆ, "ಮಾಸ್ತಪ್ಪ, ಜೀರುಂಡೆ ಕೂಗ್ತಿದಾವಾ?"

"ಎಂತ ಕೇಳ್ತೀರಿ ಮಾರಾಯ್ರೆ! ತಲೆ ತೂತಾಗಂಗೆ ಕೂಗ್ತಿದಾವಲ್ಲ, ಆ ಮರದ ತುಂಬಾ."

ಮರ ನೋಡುತ್ತ ಕೂತೆ. ಎಲೆ ಅಲ್ಲಾಡುತ್ತಿರಲಿಲ್ಲ. ಕಾಡನ್ನು ಯಾರೂ ಕಡಿದಿರಲಿಲ್ಲ, ಇಲ್ಲಂತೂ.

೧೫ ಮೇ, ಭಾನುವಾರ

ಸದ್ದಿಲ್ಲದ ಫ್ಯಾನು ಹುಡುಕಲು ನನ್ನ ಕಿವಿ ಸಾಲದು. ಡಾಕ್ಟರಿಗೆ ಪುರುಸೊತ್ತಿಲ್ಲ. ಇನ್ನು ಯಾರನ್ನು ಕೇಳಲಿ?

ಸರೋಜನ ಎದುರು ಹೋಗಿ ನಿಂತೆ. ಎಲ್ಲ ಹೇಳಿದೆ. ಚುಕ್ಕೆ ಹಾಕಿದ ಕಾಗದವನ್ನೂ ತೋರಿಸಿದೆ. ಕಾಗದ ನೋಡಿದಳು, ನನ್ನನ್ನು ನೋಡಿದಳು.

"ಹೊಸ ನೆಪ."

ಎರಡು ತಿಂಗಳಲ್ಲಿ ಮೊದಲ ಮಾತು.

"ನಂಬದಿದ್ರೆ ಬಿಡು. ಆ ಮಗೂಗೋಸ್ಕರ ಒಂದು ಫ್ಯಾನ್ ಕೇಳಿ ಹೇಳ್ತೀಯಾ?"

ಸೆರಗಿಗೆ ಕೈ ಒರೆಸಿಕೊಂಡು ಚಪ್ಪಲಿ ಮೆಟ್ಟಿದಳು.

೨೦ ಮೇ

ಐದು ದಿನ ಅವಳು ಆಡಿದ್ದು ಎರಡೇ ಮಾತು. "ಇದೆ." "ಇನ್ನೂ ಇದೆ." ನಾನು ಫ್ಯಾನು ಸುತ್ತಿಸುವುದು, ಅವಳು ಮಗು ಕೂರುವ ಜಾಗದಲ್ಲಿ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೂರುವುದು.

ಚಿಕ್ಕ ಫ್ಯಾನು ಅಷ್ಟು ಗಾಳಿ ಕೊಡಬೇಕಾದರೆ ಜೋರಾಗಿ ತಿರುಗಬೇಕು. ಜೋರಾಗಿ ತಿರುಗಿದರೆ ಶಿಳ್ಳೆ. ಆ ಶಿಳ್ಳೆ ನನ್ನ ಕಿವಿಗೆ ಮೀರಿದ್ದು. ಹಾಗಾದರೆ ದೊಡ್ಡ ಫ್ಯಾನು, ನಿಧಾನ. ಜೆರಾಕ್ಸಿನವರ ಅದೇ ಕಬ್ಬಿಣದ್ದನ್ನು ಟ್ರಾನ್ಸ್‌ಫಾರ್ಮರ್ ಹಾಕಿ ಅರ್ಧ ವೋಲ್ಟೇಜಿನಲ್ಲಿ ಓಡಿಸಿದೆ. ಗಿರಣಿ ಹೋಗಿ ಉಸಿರಾಟವಾಯಿತು. ಆದರೆ ಗಾಳಿ ಸಾಲದು, ಮಿಷನ್ ಮತ್ತೆ ಸ್ತಬ್ಧ. ಬಿಸಿಯನ್ನು ಹೀರಿ ಹರಡಲು ಅಗಲವಾದ ಅಲ್ಯೂಮಿನಿಯಂ ಬೇಕು.

ಇತ್ತು. ಅಟ್ಟದ ಮೇಲೆ, ಎಪ್ಪತ್ತೊಂಬತ್ತರಲ್ಲಿ ನಾನೇ ಕಟ್ಟಿದ ಆಂಪ್ಲಿಫೈಯರಿನಲ್ಲಿ. ಎಷ್ಟು ಮದುವೆ, ಎಷ್ಟು ನಾಟಕ ಅದರಲ್ಲಿ. ಬೆನ್ನಿಗೆ ಬಾಚಣಿಗೆಯಂಥ ರೆಕ್ಕೆಗಳ ತುಂಡು. ಸ್ಕ್ರೂ ತೆಗೆಯಲು ಕೈ ಬರಲಿಲ್ಲ, ಸ್ವಲ್ಪ ಹೊತ್ತು. ಸರೋಜ ನೋಡುತ್ತಿದ್ದಳು. ತೆಗೆದೆ. ಗರಗಸದಿಂದ ಕುಯ್ದು, ಬಿಸಿ ದಾಟಿಸುವ ಬಿಳಿ ಪೇಸ್ಟ್ ಹಚ್ಚಿ ಜರಿಯ ಬೆನ್ನಿಗೆ ಕೂರಿಸಿದೆ. ಫ್ಯಾನು ಡಬ್ಬಿಗೆ ತಾಗದ ಹಾಗೆ ಸೈಕಲ್ ಟ್ಯೂಬಿನ ಪಟ್ಟಿಯಲ್ಲಿ ತೂಗುಹಾಕಿದೆ.

ಎರಡು ಗಂಟೆ ಓಡಿತು. ಅವಳು ಕಣ್ಣು ಮುಚ್ಚಿಯೇ ಕೂತಿದ್ದಳು. ಕೊನೆಗೆ, "ಇಲ್ಲ."

೨೪ ಮೇ, ಮಂಗಳವಾರ

ಟೆಸ್ಟ್ ಆಯಿತು. ಮಧ್ಯಾಹ್ನ ಎರಡಕ್ಕೆ, ಬಸ್ಸುಗಳ ಗಲಾಟೆ ಕಡಿಮೆ ಇರುವಾಗ. ಮಿಷನ್ ನೋಡಿಕೊಳ್ಳಲು ನಾನು, ಫ್ಯಾನು ಕೇಳಲು ಸರೋಜ.

ದನಿ ಕೇಳಿದಾಗೆಲ್ಲ ಡಬ್ಬಿಗೆ ಒಂದು ಹುಣಸೆ ಬೀಜ ಹಾಕಬೇಕು ಅಂತ ಡಾಕ್ಟರು ಹುಡುಗಿಗೆ ಆಟ ಕಲಿಸಿದ್ದರು. ಐನೂರು — ಟಣ್. ಸಾವಿರ — ಟಣ್. ಎರಡು ಸಾವಿರಕ್ಕೆ ಬೀಜ ಎತ್ತಿ ಹಿಡಿದುಕೊಂಡು ಯೋಚಿಸಿ ಹಾಕಿತು. ಮೂರು ಸಾವಿರಕ್ಕೆ ಕಾಯುತ್ತ ಕೂತಿತ್ತು. ನಾಲ್ಕು, ಆರು, ಎಂಟು. ಡಾಕ್ಟರು ಎಷ್ಟು ಜೋರು ಮಾಡಿದರೂ ಅದು ಬೀಜ ಹಿಡಿದು ನಮ್ಮನ್ನೆಲ್ಲ ನೋಡುತ್ತಲೇ ಇತ್ತು, ಆಟ ಇನ್ನೂ ಶುರುವಾಗಲಿಲ್ಲವಾ ಅನ್ನುವ ಹಾಗೆ. ಮಿಷನ್ ಒಂದು ಸಲವೂ ನಿಲ್ಲಲಿಲ್ಲ.

"ಬುದ್ಧಿಗೆ ಏನೂ ಆಗಿಲ್ಲ ತುಂಗಮ್ಮ. ಕೂಗಿದ್ದು ಗೊತ್ತಾಗತ್ತೆ, ಏನಂದ್ರು ಅಂತ ಗೊತ್ತಾಗಲ್ಲ. ಮೆಲ್ಲಗಂದ್ರೆ ಕೇಳೋದೇ ಇಲ್ಲ. ಕಿವಿಗೆ ಮಿಷನ್ ಹಾಕ್ಸೋಣ. ಸ್ಕೂಲಿಗೆ ನಾನೇ ಕಾಗದ ಬರ್ದು ಕೊಡ್ತೀನಿ."

ತುಂಗಮ್ಮ ಹುಡುಗಿಯ ಕೈಯಿಂದ ಬೀಜ ಬಿಡಿಸಿಕೊಳ್ಳುತ್ತಿದ್ದವಳು ಅಲ್ಲೇ ನೆಲಕ್ಕೆ ಕೂತಳು.

"ಹೊಡ್ದಿದೀನಮ್ಮ ನಾನು. ಕರೆದ್ರೆ ಬರಲ್ಲ, ಸೊಕ್ಕು ಅಂತ. ಎಷ್ಟು ಹೊಡ್ದಿದೀನಿ."

ಸರೋಜ ಹುಡುಗಿಯ ಕಿವಿಯಿಂದ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು ಹೊರಗೆ ಹೋದಳು.

ಮನೆಗೆ ಬಂದೆವು. ಬಾಗಿಲು ತೆಗೆದ ಮೇಲೆ ನನ್ನ ಮುಖಕ್ಕೆ ಮುಖ ಕೊಟ್ಟು ನಿಂತು ಅಂದಳು.

"ಯುಗಾದಿ ದಿನ ನಾನು ಮೂರ್ ಸಲ ಕರೆದಿದ್ದೆ."

"ಕೇಳ್ಲಿಲ್ಲ ಸರೋಜಾ."

"ಒಂದೂ?"

"ಒಂದೂ."

"ಹಂಗಾರೆ ಇಷ್ಟ್ ವರ್ಷ... ನಾನು ಏನೇನೋ ಹೇಳ್ತಿದ್ದೆ, ನೀವು ಬೆನ್ನು ಹಾಕ್ಕಂಡು ಕೂತಿರೋರು. ನಾನು ಬ್ಯಾಡಾದೆ ಇವರಿಗೆ ಅಂತ..."

ಒಲೆ ಹಚ್ಚಲು ಹೋದಳು. ನಾನೂ ಹಿಂದೆ ಹೋಗಿ ಅಡಿಗೆಮನೆಯ ಹೊಸ್ತಿಲಲ್ಲಿ ಕೂತೆ. ಕಾರ್ಗಲ್ ಬಿಟ್ಟ ಮೇಲೆ ಅಲ್ಲಿ ಕೂತದ್ದು ನೆನಪಿಲ್ಲ.

೧೨ ಜೂನ್, ಭಾನುವಾರ

ಮಳೆ ಹಿಡಿಯಿತು. ಹೊಸನಗರದಿಂದ ಸುದ್ದಿ — ಹುಡುಗಿಯನ್ನು ಸೇರಿಸಿಕೊಂಡಿದ್ದಾರೆ. ಕಿವಿಯ ಮಿಷನ್ ಮುಂದಿನ ತಿಂಗಳು ಬರುತ್ತದೆ.

ಸರೋಜ ಈಗ ಮಧ್ಯಾಹ್ನ ಅಂಗಡಿಗೆ ಬರುತ್ತಾಳೆ. ಟ್ಯೂನಿಂಗ್ ಅವಳದು, ಬೆಸುಗೆ ನನ್ನದು. ಗಿರಾಕಿಗಳಿಗೆ ವಿಚಿತ್ರ, ನಮಗಲ್ಲ.

ನಿನ್ನೆ ಒಂದು ಮಾತು ಕೇಳಿದೆ. ನಾನು ಕೇಳಿಸಿಕೊಳ್ಳದೆ ಬಿಟ್ಟದ್ದನ್ನೆಲ್ಲ ಮತ್ತೊಮ್ಮೆ ಹೇಳ್ತೀಯಾ ಅಂತ. ನಕ್ಕಳು. "ಎಲ್ಲ ಎಲ್ಲಿ ನೆನಪಿರತ್ತೆ?" ಆದರೆ ನೆನಪಿದೆ, ಅವಳಿಗೆ. ಸಾಗರಕ್ಕೆ ಬಂದ ವರ್ಷದಿಂದ ಶುರುಮಾಡಿದಳು. ಬಾವಿಯ ರಾಟೆ ಮುರಿದದ್ದು. ಅವಳಮ್ಮ ತೀರಿಕೊಳ್ಳುವ ಮುಂಚೆ ನನ್ನ ಬಗ್ಗೆ ಅಂದದ್ದು. ಒಂದು ಸಲ ತೀರ್ಥಹಳ್ಳಿಗೆ ಹೋಗಿ ಹೊಳೆದಂಡೆಯಲ್ಲಿ ಕೂತು ಬರೋಣ ಅಂತ ಮೂರು ದಿನ ಕೇಳಿದ್ದಳಂತೆ. ಮೂರು ದಿನವೂ ನಾನು ಹೂಂ ಕೂಡ ಅನ್ನಲಿಲ್ಲವಂತೆ.

ಇವತ್ತು ಎಂಬತ್ತೊಂದಕ್ಕೆ ಬಂದಿದ್ದಾಳೆ. ಆ ಮಳೆಗಾಲ ಅವಳಿಗೆ ಜ್ವರ ಬಂದಿತ್ತು, ನನಗೆ ಗೊತ್ತೇ ಇಲ್ಲ, ಆಗ ಮಲಗಿದ್ದಲ್ಲಿಂದ ಅವಳು ನನ್ನನ್ನು ಕರೆದು —

ಬರೆಯೋದು ಬಿಟ್ಟು ಈ ಕಡೆ ತಿರುಗಿ ಕೂತ್ಕಳಿ ಅಂತಿದ್ದಾಳೆ. ಸರಿ, ತಿರುಗಿ —