ನಲವತ್ತೊಂದು ದಿನ ಹೆಚ್ಚಾದ ವಯಸ್ಸು

ವಿಶ್ವವಿದ್ಯಾಲಯದ ಕುಲಸಚಿವರಿಗೆ ನಮಸ್ಕಾರಗಳು.

ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ನಾನು ಹನ್ನೆರಡು ವರ್ಷಗಳಿಂದ ತಾತ್ಕಾಲಿಕ ಉಪನ್ಯಾಸಕಿ. ಇದೇ ಹುದ್ದೆಗೆ ಕಾಯಂ ನೇಮಕಾತಿಯ ಜಾಹೀರಾತು ಕಳೆದ ವಾರ ಬಂತು. ವಯೋಮಿತಿ ನಲವತ್ತೈದು. ನನಗೆ ನಲವತ್ತೊಂದು ದಿನ ಹೆಚ್ಚಾಗಿದೆ.

ಆ ಜಾಹೀರಾತಿನ ಕರಡನ್ನು ಟೈಪ್ ಮಾಡಿದವಳು ನಾನೇ. ಅದು ನಿಮ್ಮ ಕಚೇರಿಯಲ್ಲಿ ಮೂರು ವರ್ಷ ಕೂತಿತ್ತು. ವಿಚಾರಿಸಲು ಹೋದಾಗಲೆಲ್ಲ ಗುಮಾಸ್ತರು, "ಇವತ್ತೋ ನಾಳೆಯೋ ಸಹಿ ಆಗತ್ತೆ ಮೇಡಂ" ಅನ್ನುತ್ತಿದ್ದರು. ನಿನ್ನೆ ನನ್ನ ಅರ್ಜಿಯನ್ನು ವಾಪಸ್ ಕೊಡುತ್ತಾ, "ನಾನೇನ್ ಮಾಡ್ಲಿ, ನೀವು ಸ್ವಲ್ಪ ಬೇಗ ಹುಟ್ಟಿಬಿಟ್ರಿ" ಎಂದು ನಕ್ಕರು. ನಾನೂ ನಕ್ಕೆ.

ನಮ್ಮ ಮುಖ್ಯಸ್ಥರು, "ಹೊಸಬರು ಬರೋವರೆಗೂ ಕ್ಲಾಸ್ ತಗೊಳ್ಳಿ. ಬಂದ್ಮೇಲೆ ಯಾವ ಕಪಾಟಲ್ಲಿ ಯಾವ ಮೂಳೆ ಇದೆ ಅಂತ ತೋರಿಸ್ಕೊಡಿ" ಎಂದಿದ್ದಾರೆ. ಒಪ್ಪಿದ್ದೇನೆ. ಬೇರೆ ದಾರಿ ತೋಚಲಿಲ್ಲ.

ವಯಸ್ಸಿನ ಸಡಿಲಿಕೆ ಸಾಧ್ಯವೇ ಎಂದು ಕೇಳಲು ಈ ಪತ್ರ. ಉತ್ತರ ಏನೇ ಆಗಿರಲಿ, ದಯವಿಟ್ಟು ವಿಭಾಗಕ್ಕೆ ಕಳಿಸಿ, ಮನೆಗೆ ಬೇಡ. ಮನೆಗೆ ಬಂದ ಅಂಚೆಯನ್ನು ಅಮ್ಮ ಒಡೆದು ಓದುತ್ತಾರೆ. ನನ್ನ ಕೆಲಸ ಕಾಯಂ ಆಗಿ ಆರು ವರ್ಷವಾಯಿತೆಂದು ಅವರು ನಂಬಿದ್ದಾರೆ.

ಇಂತಿ,
ಅಂಗರಚನಾ ವಿಭಾಗದ ತಾತ್ಕಾಲಿಕ ಉಪನ್ಯಾಸಕಿ