ಜಗಲಿಗೆ ಹಾಕಿದ ಬೀಗ

ಹರವೆ
12-12-2025, ಶುಕ್ರವಾರ

ಗೆಳತಿ ಸ್ಪಂದನಾ,

ನನ್ನ ಮೇಲೆ ಎಷ್ಟೇ ಸಿಟ್ಟಿದ್ದರೂ ಇದನ್ನು ಪೂರ್ತಿ ಓದು. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀಯ. ನಾಗಲಕ್ಷ್ಮಿ ಅಕ್ಕನ ಫೋನಿನಿಂದ ಮಾಡಿದರೂ ಎತ್ತಲಿಲ್ಲ. ನಿಮ್ಮೂರು ಗುಂಡ್ಲುಪೇಟೆಯ ಬಸ್ಸಿಗೆ ಹೊರಟಿರುವ ಅಕ್ಕನ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ. ಲೈಬ್ರರಿಯ ಬಾಗಿಲು ಅರ್ಧ ಮುಚ್ಚಿಕೊಂಡು ಬರೆಯುತ್ತಿದ್ದೇನೆ. ಹೊರಗೆ ಗಾಡಿ ನಿಂತ ಸದ್ದಾದರೆ ನನ್ನ ಕೈಯೂ ನಿಲ್ಲುತ್ತದೆ.

ನಮ್ಮ ಜಗಳ ನಿನಗೆ ಮರೆತಿರಲಾರದು. ಹರವೆ, ಚಂದಕವಾಡಿ, ಹರದನಹಳ್ಳಿಯ ಲೈಬ್ರರಿಗಳಿಗೆಂದು ಕಾಗದಪತ್ರ ಓದುವ ತಂತ್ರಾಂಶ ಮಾಡಿ, ಇಬ್ಬರೂ ಸೇರಿ ‘ಜಗಲಿ’ ಎಂದು ಹೆಸರಿಟ್ಟೆವು. ಯಾರು ಬೇಕಾದರೂ ಬಂದು ಕೂರಬಹುದು, ಅದರ ಕೋಡನ್ನು ಯಾರು ಬೇಕಾದರೂ ನೋಡಿ ತಿದ್ದಬಹುದು. ಅದಕ್ಕೆ ನೀನೊಂದು ಕೊಂಡಿ ಬರೆದೆ. ಕಂಪನಿಗಳು ಬೀಗ ಹಾಕಿ ಕಳಿಸುವ ಕಡತಗಳು ಅವರದೇ ವ್ಯೂವರ್ ಮೂಲಕ ಜಗಲಿಯಲ್ಲೂ ತೆರೆಯಲಿ ಎಂಬುದು ನಿನ್ನ ಆಸೆ. ಆ ವ್ಯೂವರ್ ಒಳಗೊಳಗೆ ಏನು ಮಾಡುತ್ತದೆಂದು ಯಾರಿಗೂ ಕಾಣದು, ಅದನ್ನು ಸೇರಿಸಲು ಬಿಡೆನೆಂದು ನಾನು ಹಟ ಹಿಡಿದೆ. ಸ್ವತಂತ್ರ ತಂತ್ರಾಂಶದ ಕಿರುಹೊತ್ತಗೆ ತೆಗೆದು ನಿನ್ನ ಮುಂದೆ ಗಟ್ಟಿಯಾಗಿ ಓದಿದೆ. “ಓದ್ಕಂಡ್ ಕೂತ್ಗ ಕಣಮ್ಮಿ. ಊರ್ನೋರು ಕಾಗ್ದ ಇಡ್ಕಂಡ್ ಬಂದಾಗ ಅವ್ರ್‍ಗೂ ಇದ್ನೇ ಓದ್ಬುಟ್ಟು ಕಳ್ಸು” ಎಂದು ನೀನು ಎದ್ದು ಹೋದೆ.

ನೀನಂದಂತೆ ಊರವರು ಬಂದೇಬಿಟ್ಟರು. ಕರಿಕಲ್ಲು ಕ್ವಾರಿಯವರು ಇನ್ನಷ್ಟು ಜಾಗ ಕೇಳಿದ್ದಾರೆ. ಅದಕ್ಕೆ ಊರವರ ಆಕ್ಷೇಪಣೆ ಕೇಳುವ ಸಭೆ ನಾಳೆ. ಆಕ್ಷೇಪಣೆ ಇದ್ದವರು ನೋಡಿಕೊಳ್ಳಲಿ ಎಂದು ನಕ್ಷೆಯನ್ನು ಊರವರ ಫೋನಿಗೆ ಕಳಿಸಿದ್ದರು, ಬೀಗ ಹಾಕಿದ ಕಡತದಲ್ಲಿ. ಕೊಟ್ಟ ಹಾಗೂ ಆಯಿತು, ಯಾರೂ ಓದದ ಹಾಗೂ ಆಯಿತು. ಅರಿಶಿನ ಬೆಳೆಯುವ ಚಿಕ್ಕಬೀರಯ್ಯಜ್ಜ ಫೋನು ಹಿಡಿದು ನನ್ನ ಹತ್ತಿರ ಬಂದರು. ಜಗಲಿಯಲ್ಲಿ ಅದು ತೆರೆಯಲಿಲ್ಲ. “ನೀನೇ ಕಟ್ಟಿದ್ ಮನೆಯಂತೆ, ನಿಂಗೇ ಬಾಗ್ಲು ತೆಗ್ಯಾಕ್ ಬರ್‍ನಿಲ್ವಾ” ಎಂದು ನಕ್ಕರು. ನನಗೆ ನಗು ಬರಲಿಲ್ಲ. ನಿನ್ನ ಕೊಂಡಿ ಸೇರಿಸಿ ನೀನು ಪರೀಕ್ಷೆಗೆಂದು ಹಾಕಿದ್ದ ಜಗಲಿಯ ಪ್ರತಿ ನನ್ನ ಕಂಪ್ಯೂಟರಿನಲ್ಲಿ ಇನ್ನೂ ಇತ್ತು. ಅದರಲ್ಲಿ ತೆರೆದೆ. ಸಿಡಿಮದ್ದು ಇಡುವ ಗೆರೆ ಅಜ್ಜನ ಬಾವಿಯ ಮಗ್ಗುಲಲ್ಲೇ ಹಾದುಹೋಗಿತ್ತು. ಆ ಹಾಳೆಯ ಪ್ರಿಂಟ್ ತೆಗೆದುಕೊಟ್ಟೆ.

ಸಭೆಯಲ್ಲಿ ತೋರಿಸಿ ಅಂದಿದ್ದೆ. ಅಜ್ಜ ಕೇಳಲಿಲ್ಲ. “ಮುಖ ಕೊಟ್ಟು ಒಂದ್ಸಲ ಕೇಳ್ದೆ ನಾಕ್ ಜನದ್ ಮುಂದೆ ಮಾನ ಕಳ್ಯದು ಮನ್ಸತ್ವ ಅಲ್ಲ ಕಣವ್ವ” ಎಂದು ಒಂದು ಚಿಪ್ಪು ಬಾಳೆಹಣ್ಣು ಹಿಡಿದು ನೆಟ್ಟಗೆ ಕ್ವಾರಿಗೇ ಹೋದರು. ಮ್ಯಾನೇಜರ್ ಸೋಮೇಶನ ಮೇಜಿನ ಮೇಲೆ ಹಾಳೆ ಹರಡಿ, ಬಾವಿಗೊಂದು ದಾರಿ ಹೇಳಿ ಅಂದರಂತೆ. ತೆಗೆದುಕೊಟ್ಟವರು ಯಾರೆಂದು ಅವನು ಕೇಳಿದ್ದಕ್ಕೆ ಲೈಬ್ರರಿಯ ಹೆಸರನ್ನು ಹೆಮ್ಮೆಯಿಂದಲೇ ಹೇಳಿದ್ದಾರೆ. ನಿನ್ನೆ ಬೆಳಗ್ಗೆ ಹೋಗಿ ನೋಡಿದರೆ ಪಂಪ್‌ಸೆಟ್ಟನ್ನು ಯಾರೋ ಬಾವಿಗೆ ತಳ್ಳಿದ್ದರು.

ಇವತ್ತು ಸೋಮೇಶ ಇಲ್ಲಿಗೆ ಬಂದ. ಜೊತೆಗೆ ಬಂದವನು ಬಾಗಿಲಲ್ಲೇ ನಿಂತ. ಸೋಮೇಶ ದನಿ ಏರಿಸಲಿಲ್ಲ. ಪೇಪರ್ ತಿರುವುತ್ತಾ, “ಚೆನ್ನಾಗಿ ಮಡ್ಗಿದ್ದಿಯ ಕಣಮ್ಮಿ ಲೈಬ್ರರಿಯ. ಎಸ್ರೇನು” ಎಂದ. ಹೇಳಿದೆ. ಜೇಬಿನಿಂದ ಅಜ್ಜನ ಹಾಳೆ ತೆಗೆದು ನೋಡಿ, “ಅಂಗಾರೆ ನೀನಲ್ಲ ಬುಡು” ಎಂದು ನಕ್ಕ. ಹೊರಡುವಾಗ, “ಓದದು ಒಳ್ಳೇದೆ. ಯಾರ್ ಓದುದ್ರು ಅಂತ ನಮ್ಗೂ ಗೊತ್ತಾಗ್ಬೇಕು ನೋಡು” ಎಂದ. ಅವನ ಗಾಡಿ ಗುಂಡ್ಲುಪೇಟೆ ರಸ್ತೆಗೆ ತಿರುಗಿತು. ಬಾಗಿಲಲ್ಲಿ ನಿಂತಿದ್ದವನು ಮಾತ್ರ ಹೋಗಿಲ್ಲ, ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದಾನೆ. ನಾನು ಬಸ್ಸು ಹತ್ತಿದರೆ ಅವನೂ ಹತ್ತುತ್ತಾನೆ. ಅದಕ್ಕೇ ನಾನು ಬರುತ್ತಿಲ್ಲ.

ನಿನ್ನ ಕೊಂಡಿ ಇಲ್ಲದಿದ್ದರೆ ಬಾವಿಯ ಸಂಗತಿ ಅಜ್ಜನಿಗೆ ಸಿಡಿಮದ್ದು ಸಿಡಿದ ದಿನವೇ ತಿಳಿಯುತ್ತಿತ್ತು. ಇದನ್ನು ಒಪ್ಪುತ್ತೇನೆ. ನನ್ನ ಹೊತ್ತಗೆ ಬರೆದವರ ಬಾಗಿಲಿಗೆ ಯಾವ ಅಜ್ಜನೂ ಫೋನು ಹಿಡಿದು ಬಂದಿರಲಿಲ್ಲವೇನೋ. ಆದರೂ ಕೈಮುಗಿದು ಕೇಳುತ್ತೇನೆ, ಅದನ್ನು ಚಂದಕವಾಡಿಗೂ ಹರದನಹಳ್ಳಿಗೂ ಕಳಿಸಬೇಡ. ಓದಲು ಕೂತವರನ್ನು ಆ ವ್ಯೂವರ್ ಗುರುತು ಹಿಡಿದು ಒಡೆಯನಿಗೆ ಒಪ್ಪಿಸುತ್ತದೆ. ಕಂಪನಿಯವರು ಬೀಗ ತೆಗೆದು ಕೊಡಲಿ ಎಂದು ನಾಳೆ ಸಭೆಯಲ್ಲೇ ಕೇಳುತ್ತೇನೆ. ಅವರು ಕೊಡದಿದ್ದರೆ ಆ ಗೆರೆಯನ್ನು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ನಾನೇ ಎಳೆದು ತೋರಿಸುತ್ತೇನೆ.

ಕಾಗದ ಸಿಕ್ಕಿದ ಕೂಡಲೇ ನಿನ್ನ ಝೆರಾಕ್ಸ್ ಅಂಗಡಿ ಮುಚ್ಚು. ಸುಲ್ತಾನ್ ಬತ್ತೇರಿಯ ನಿನ್ನ ಚಿಕ್ಕಮ್ಮನ ಮನೆಗೆ ಹೋಗಿಬಿಡು. ಒಬ್ಬಳೇ ಹೋಗಬೇಡ, ಅಣ್ಣನನ್ನು ಕರೆದುಕೊಂಡು ಹೋಗು. ಯಾಕೆಂದು ಅಕ್ಕನನ್ನು ಕೇಳಬೇಡ, ಅವರಿಗೆ ಹೇಳಿಲ್ಲ.

ಇನ್ನೂ ನಿನ್ನವಳೇ ಎಂದುಕೊಂಡಿರುವ,
ಮಧುಶ್ರೀ

ತಾ.ಕ.: ಆ ವ್ಯೂವರಿನಿಂದ ಪ್ರಿಂಟ್ ತೆಗೆದರೆ ಹಾಳೆಯ ಅಡಿಯಲ್ಲಿ, ಕಣ್ಣಿಟ್ಟು ನೋಡಿದರಷ್ಟೇ ಕಾಣುವಂತೆ, ತೆರೆದವರ ಹೆಸರೂ ಊರೂ ಅಚ್ಚಾಗುತ್ತದೆ. ಸೋಮೇಶ ಹಾಳೆ ತೆಗೆದು ನೋಡುವವರೆಗೆ ನನಗದು ಗೊತ್ತಿರಲಿಲ್ಲ. ತೆರೆಯುವ ಮುಂಚೆ ಅದು ಹೆಸರು, ಊರು ಕೇಳಿತು. ಅಂಥವರಿಗೆ ನನ್ನ ಹೆಸರು ಕೊಡಲು ಮನಸ್ಸಾಗಲಿಲ್ಲ. ನಿನ್ನದು ಕೊಟ್ಟೆ.