ಫೋಟೋದಲ್ಲಿ ಅಲುಗಿದ ಅಜ್ಜ

ಹೊಲ್ಮೆಸುಂಡ್, ನಾರ್ವೆ
17 ಫೆಬ್ರವರಿ 1994, ಗುರುವಾರ

ಪ್ರೀತಿಯ ತಮ್ಮ ಟೋರ್ಲೈವ್‌ಗೆ,

ಹೇಗಿದ್ದೀಯಪ್ಪಾ? ಹಡಗಿನ ಎಂಜಿನ್ ಕೋಣೆಯಲ್ಲಿ ನಿನ್ನ ಕೆಮ್ಮು ಕಡಿಮೆಯಾಯಿತೋ ಇಲ್ಲವೋ? ಹೋದ ವರ್ಷ ನಾನು ಹೆಣೆದುಕೊಟ್ಟ ಸ್ವೆಟರ್ ತೊಡುತ್ತೀಯೋ, ಟ್ರಂಕಿನ ತಳಕ್ಕೆ ತುರುಕಿದ್ದೀಯೋ? ಕಾಗದದ ಅಕ್ಷರ ಇಷ್ಟು ದುಂಡಗಿರುವುದು ಕಂಡು ಹುಬ್ಬೇರಿಸಬೇಡ. ಅದರ ವಿಚಾರ ಆಮೇಲೆ ಹೇಳುತ್ತೇನೆ.

ನಿನ್ನ ಹುಟ್ಟುಹಬ್ಬಕ್ಕೆ ನಮ್ಮ ವಂಶವೃಕ್ಷ ಬರೆಸಿ, ಗಾಜು ಹಾಕಿಸಿ ಕೊಡೋಣವೆಂದು ಈ ಚಳಿಗಾಲವೆಲ್ಲ ಗ್ರಂಥಾಲಯಕ್ಕೆ ಅಲೆದೆ. ಮಹಡಿಯಲ್ಲಿ ಊರಿನ ಚರಿತ್ರೆಗೆಂದೇ ಒಂದು ಕೋಣೆ ಇದೆಯಲ್ಲ, ಶಾಲೆಗೆ ಚಕ್ಕರ್ ಹೊಡೆದು ನೀನು ಬೆಚ್ಚಗೆ ನಿದ್ದೆ ಮಾಡುತ್ತಿದ್ದೆಯಲ್ಲ, ಅಲ್ಲೇ. ಪ್ರತಿ ಗುರುವಾರ ಊರಿನ ಹಿರಿತಲೆಗಳೆಲ್ಲ ಅಲ್ಲಿ ಸೇರಿ ತಂತಮ್ಮ ಮುತ್ತಜ್ಜಂದಿರನ್ನು ಹುಡುಕುತ್ತಾರೆ. ಹುಡುಕುವುದಕ್ಕಿಂತ ಕಾಫಿ, ವಾಫಲ್ ಮುಗಿಸುವುದೇ ಹೆಚ್ಚು. ಕೋಣೆ ನೋಡಿಕೊಳ್ಳುವ ಓಸ್‌ಹಿಲ್ಡ್, ಹಳೆಯ ಫೋಟೋಗಳ ಪೆಟ್ಟಿಗೆ ಕೊಡುವ ಮುಂಚೆ ಎಲ್ಲರ ಬೆರಳಲ್ಲಿ ಬೆಣ್ಣೆ ಅಂಟಿದೆಯೇ ಎಂದು ಪರೀಕ್ಷೆ ಮಾಡುತ್ತಾಳೆ.

ಅಮ್ಮನ ಅಪ್ಪ, ಆಸ್ಲಾಕ್ ಅಜ್ಜ, ಮಹಾ ಕುಡುಕ ಎಂದಲ್ಲವೇ ನಾವು ಕೇಳಿಕೊಂಡು ಬೆಳೆದದ್ದು? ನಾವು ಒಂಚೂರು ಎಡವಿದರೂ ಸಾಕು, "ಅಜ್ಜನ ಥರ ತೂರಾಡಬೇಡ್ರೋ" ಎಂದು ಅಮ್ಮ ರೇಗುತ್ತಿದ್ದಳು. ಹೋದ ವಾರ ಆ ಅಜ್ಜನ ಫೋಟೋ ಸಿಕ್ಕಿತು. ಎಲ್ಲಿ ಗೊತ್ತೇ? ಪಾನನಿರೋಧ ಸಂಘದವರ ಗುಂಪಿನಲ್ಲಿ! ಸಂಘದ ಬಾವುಟ ಹಿಡಿದವನೇ ಅವನು, ಕೆಳಗೆ ಹೆಸರೂ ಬರೆದಿದೆ. ಜೋರಾಗಿ ನಕ್ಕುಬಿಟ್ಟೆ. ಆಮೇಲೆ ಸರಿಯಾಗಿ ನೋಡಿದೆ. ಆಗಿನ ಕ್ಯಾಮೆರಾ ಮುಂದೆ ಉಸಿರು ಬಿಗಿಹಿಡಿದು ಅಲುಗದೆ ನಿಲ್ಲಬೇಕಿತ್ತಂತೆ. ಉಳಿದವರ ಕೋಟಿನ ಗುಂಡಿಗಳು ಕೂಡ ಸ್ಪಷ್ಟವಾಗಿ ಕಾಣುತ್ತವೆ. ಅಜ್ಜನ ಮುಖ, ಕೈ, ಬಾವುಟ ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ ಕಲಸಿಹೋಗಿವೆ.

ಅಜ್ಜನ ನೆರೆಮನೆಯಲ್ಲಿ ಬೆಳೆದ ಮುದುಕ ಹಾಲ್ವರ್ ಪಕ್ಕದಲ್ಲೇ ಕೂತಿದ್ದ. "ಕುಡುಕ ಅಂದೋರು ಯಾರಮ್ಮಾ? ಒಂದು ತೊಟ್ಟೂ ಮುಟ್ಟಿದೋನಲ್ಲ ಅವನು. ಮೈಯೇ ಅವನ ಮಾತು ಕೇಳ್ತಿರಲಿಲ್ಲ. ಅವರಪ್ಪಂಗೂ ಹಂಗೇ ಇತ್ತಂತೆ. ನಾವು ಹುಡುಗ್ರು ಹಿಂದಿಂದೆ ಹೋಗಿ ಅವನ ನಡಿಗೆ ಅಣಕಿಸ್ತಿದ್ವಿ, ದೇವರು ಕ್ಷಮಿಸಲಿ" ಎಂದ. ಕೈಯಲ್ಲಿದ್ದ ವಾಫಲ್ ತಿನ್ನಲಾಗದೆ ಹಾಗೇ ಇಟ್ಟುಬಿಟ್ಟೆ.

ಡಾಕ್ಟರಮ್ಮನನ್ನು ಕೇಳಿದೆ. ತಂದೆತಾಯಿಯಿಂದ ಮಕ್ಕಳಿಗೆ ಇಳಿಯುವ ಕಾಯಿಲೆ ಇರಬಹುದು, ಹೆಚ್ಚಾಗಿ ನಡುವಯಸ್ಸಿನಲ್ಲಿ ತಲೆಯೆತ್ತುತ್ತದೆ, ವಾಸಿಯಾಗುವ ಔಷಧಿ ಇಲ್ಲ, ಇದೆಯೋ ಇಲ್ಲವೋ ತಿಳಿಯಲು ಮಾತ್ರ ಈಗ ರಕ್ತಪರೀಕ್ಷೆ ಬಂದಿದೆ ಎಂದರು. ಅಮ್ಮ ಮೂವತ್ತಾರಕ್ಕೇ ನ್ಯುಮೋನಿಯಾದಲ್ಲಿ ಹೋಗಿಬಿಟ್ಟಳು. ಅವಳ ಮೈಯಲ್ಲಿ ಅದು ಇತ್ತೋ ಇಲ್ಲವೋ ಯಾರಿಗೆ ಗೊತ್ತು? ನನಗೆ ಹೆದರಿಕೆಯಾಗಿದೆ ಕಣೋ. ವಂಶವೃಕ್ಷದಲ್ಲಿ ಅಮ್ಮನ ಕೆಳಗಿರುವುದು ಎರಡೇ ಹೆಸರು, ನನ್ನದು ಮತ್ತು ನಿನ್ನದು. ನೋಡಲಾರದೆ ಅದನ್ನು ಗೋಡೆಗೆ ಮುಖ ಮಾಡಿ ಇಟ್ಟಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಡೆಕ್ಕಿನ ಮೇಲೆ ಹುಷಾರು. ದೇವರು ನಿನ್ನನ್ನು ಎಲ್ಲದರಿಂದ ಕಾಪಾಡಲಿ, ಇದೊಂದರಿಂದ ಖಂಡಿತ ಕಾಪಾಡಲಿ.

ನಿನ್ನ ಅಕ್ಕ,
ಗುನ್ವೋರ್

ತಾ.ಕ.: ಮೇಲಿನದೆಲ್ಲ ನಾನು ಹೇಳಿ, ಓಸ್‌ಹಿಲ್ಡ್ ಬರೆದದ್ದು. ಇದು ಮಾತ್ರ ನನ್ನ ಕೈಯದು. ಓದಲು ಬಂದರೆ ಓದು. ಕ್ರಿಸ್‌ಮಸ್‌ನಿಂದ ಪೆನ್ನು ಕೈಯಲ್ಲಿ ನಿಲ್ಲುತ್ತಿಲ್ಲ. ಆ ರಕ್ತಪರೀಕ್ಷೆಗೆ ಒಬ್ಬಳೇ ಹೋಗಲಾರೆ. ಬಾರೋ.